ಕಾಗದ ಇದ್ದವರು, ಕಾಗದ ಇಲ್ಲದವರು

ಅರ್ಧ ಗೆಲುವು ಕೈಗೆ ಬಂದ ದಿನವೇ, ಬೇರೆ ಬೇರೆ ಸಂಘಗಳು ಸೇರಿ ಕಟ್ಟಿದ ನಮ್ಮ ಒಕ್ಕೂಟ ಒಡೆಯುವುದರಲ್ಲಿತ್ತು. ಹಳ್ಳದ ದಂಡೆಯ 37 ಮನೆಗಳಿಗೆ ತೆರವಿನ ನೋಟಿಸ್ ಅಂಟಿಸಿ ಆಗಲೇ ಐದು ತಿಂಗಳಾಗಿತ್ತು. ಅಲ್ಲಿಯವರೆಗೆ ಮಾತಿಗೇ ಸಿಗದಿದ್ದ ಅಧಿಕಾರಿಗಳು ತಾವಾಗಿಯೇ ಕರೆದು, "ದಾಖಲೆ ಇರುವವರಿಗೆ ಬದಲಿ ಜಾಗ ಕೊಡ್ತೀವಿ, ಉಳಿದವರದ್ದು ಆಮೇಲೆ ನೋಡೋಣ" ಅಂದರು. ಅದನ್ನು ಹೇಳುವ ಮೊದಲು, ಒಕ್ಕೂಟ ಕಟ್ಟಿದ್ದು ಹೇಗೆ ಅಂತ ಹೇಳಬೇಕು.

ಮೊದಲ ಸಭೆಯಲ್ಲಿ ನಾನೇ ಎಡವಿದೆ. ಎಲ್ಲ ಸಂಘಗಳ ಮುಖಂಡರನ್ನು ಕರೆದು, ವಿಶ್ವಸಂಸ್ಥೆ 1948ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 30 ವಿಧಿಗಳನ್ನು ವಿವರಿಸಿದೆ. ಎಲ್ಲರೂ ತಲೆದೂಗಿದರು. ಮುಂದಿನ ವಾರ ಬಂದವರು ನಾಲ್ಕೇ ಜನ. ಅವರಿಗೆ ಹಕ್ಕಿನ ಬಗ್ಗೆ ಅಸಡ್ಡೆ ಇರಲಿಲ್ಲ. ಅವರವರ ಉರಿ ಅವರವರಿಗಿತ್ತು, ನಾನು ಅದನ್ನು ಕೇಳಿರಲೇ ಇಲ್ಲ.

ಆಮೇಲೆ ಒಬ್ಬೊಬ್ಬರ ಹತ್ತಿರವೇ ಹೋಗಿ ಕೂತೆ. ಬೀದಿ ವ್ಯಾಪಾರಿಗಳ ಗಾಡಿಗಳನ್ನು ರಸೀದಿಯೂ ಕೊಡದೆ ಎತ್ತಿಕೊಂಡು ಹೋಗಿದ್ದರು. ಅಂಗವಿಕಲರ ಸಂಘದವರಿಗೆ ಅರ್ಜಿ ಕೊಡುವ ಕಚೇರಿಯ ಮೆಟ್ಟಿಲೇ ಅಡ್ಡಿಯಾಗಿತ್ತು. ತೆರವಿನ ಮಾತು ಬದಿಗಿಟ್ಟು ಮೊದಲು ಗಾಡಿಗಳನ್ನು ಬಿಡಿಸುವ ಕೆಲಸಕ್ಕೆ ಹೆಗಲು ಕೊಟ್ಟೆವು. ಮೂರು ವಾರ ಹಿಡಿಯಿತು. ಗಾಡಿ ವಾಪಸು ಬಂದ ಮರುದಿನವೇ ವ್ಯಾಪಾರಿಗಳು ಹಳ್ಳದ ದಂಡೆಗೆ ಬಂದು, "ನಾವೇನು ಮಾಡಬೇಕು ಹೇಳಿ" ಎಂದು ಕೇಳಿದರು. ಯಾರೂ ಕರೆದಿರಲಿಲ್ಲ.

ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಅಮೆರಿಕದ ಮಾಂಟ್ಗೋಮರಿಯಲ್ಲಿ ಕಪ್ಪು ಜನ ನಡೆಸಿದ ಬಸ್ ಬಹಿಷ್ಕಾರವನ್ನು ನೆನೆಯುತ್ತೇನೆ. 1955ರ ಡಿಸೆಂಬರಿನಲ್ಲಿ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿಯೇ, ಮಹಿಳಾ ರಾಜಕೀಯ ಮಂಡಳಿಯ ಜೋ ಆನ್ ರಾಬಿನ್ಸನ್ ಸಾವಿರಾರು ಕರಪತ್ರ ಅಚ್ಚು ಹಾಕಿಸಿದ್ದರು. ಚರ್ಚುಗಳು ಸೇರಲು ಜಾಗ ಕೊಟ್ಟವು, ಕಾರಿದ್ದವರು ಕೆಲಸಕ್ಕೆ ಹೋಗುವವರನ್ನು ಹೊತ್ತು ತಿರುಗಿದರು. ಹೀಗೆ 381 ದಿನ. ಎಲ್ಲರಿಂದಲೂ ಒಂದೇ ಕೆಲಸ ಬಯಸಬಾರದು ಅಂತ ನಾನು ಕಲಿತದ್ದು ಅಲ್ಲಿಂದ. ನಮ್ಮಲ್ಲಿ ಶಿಕ್ಷಕಿಯೊಬ್ಬರು ಅರ್ಜಿ ಬರೆದರು, ಪ್ರಾರ್ಥನಾ ಮಂದಿರದ ಹಿರಿಯರು ಸಭೆಗೆ ಕೋಣೆ ಬಿಟ್ಟುಕೊಟ್ಟರು, ಚಾಲಕರು ವಾಹನ ತಂದರು.

ಒಂದು ತಪ್ಪು ಮಾತ್ರ ಈಗಲೂ ನನ್ನನ್ನು ಚುಚ್ಚುತ್ತದೆ. ನಮ್ಮ ಸ್ವಯಂಸೇವಕರೊಬ್ಬರು ಮಗುವನ್ನು ಎತ್ತಿಕೊಂಡು ಮನೆ ಮುಂದೆ ನಿಂತಿದ್ದ ಮಹಿಳೆಯ ಫೋಟೊ ಹಂಚಿದರು. ಅದು ಆ ಮಹಿಳೆಗೆ ಕೆಲಸ ಕೊಟ್ಟವರ ಕಣ್ಣಿಗೆ ಬಿತ್ತು, ಕೆಲಸ ಹೋಯಿತು. ಒಪ್ಪಿಗೆ ಕೇಳಬೇಕೆಂದು ನಾನು ಮೊದಲೇ ಹೇಳಿಕೊಡಬೇಕಿತ್ತು. ಅಂದಿನಿಂದ ನಮ್ಮ ದಾಖಲೆ ಪುಸ್ತಕದಲ್ಲಿ ಏನಾಯಿತು, ಕಂಡವರು ಯಾರು ಎಂಬುದರ ಜೊತೆಗೆ, ಇದನ್ನು ಯಾರಿಗೆ ಹೇಳಬಹುದು ಎಂಬ ಕಾಲಂ ಕೂಡ ಇದೆ. ಆ ಕಾಲಂ ತುಂಬುವವರು ನೊಂದವರೇ.

ಅದೇ ವಾರ ಒಂದು ಹಾಳೆಯಲ್ಲಿ ಕರಾರು ಬರೆದುಕೊಂಡೆವು. ಅಧಿಕಾರಿಗಳ ಬಳಿಗೆ ಯಾರೂ ಒಬ್ಬರೇ ಹೋಗುವಂತಿಲ್ಲ, ಬೇರೆ ಬೇರೆ ಸಂಘದ ಇಬ್ಬರಾದರೂ ಹೋಗಬೇಕು. ಸ್ಥಳದಲ್ಲೇ ಹೂಂ ಅನ್ನುವಂತಿಲ್ಲ. ಕೊನೆಯ ಮಾತು ಮನೆ ಕಳೆದುಕೊಳ್ಳುವವರದು, ನನ್ನದಲ್ಲ, ವಕೀಲರದೂ ಅಲ್ಲ.

ಬದಲಿ ಜಾಗದ ಮಾತು ಬಂದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಹಾಳೆಯೇ. ಹೋಗಿದ್ದ ಇಬ್ಬರೂ "ಸಭೆಯಲ್ಲಿ ಕೇಳಿ ಹೇಳ್ತೀವಿ" ಎಂದಷ್ಟೇ ಹೇಳಿ ಬಂದರು. ಸಂಜೆ ಕೋಣೆ ತುಂಬಿತ್ತು, ಆದರೆ ಮಾತಿಲ್ಲ. ಕಾಗದ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಕೂತಿದ್ದರು. ಕಾಗದ ಇದ್ದ ಒಬ್ಬರು ಎದ್ದು, "ನನಗೂ ಮಕ್ಕಳಿದ್ದಾರೆ, ಬಂದದ್ದನ್ನು ಹೇಗೆ ಬೇಡ ಅನ್ನಲಿ?" ಅಂದರು. ಅವರನ್ನು ಸ್ವಾರ್ಥಿ ಅನ್ನಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ವಕೀಲರು ಎರಡು ವಿಷಯ ಓದಿ ಹೇಳಿದರು. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ 1966ರ ಒಡಂಬಡಿಕೆಯನ್ನು ವಿವರಿಸುವ ವಿಶ್ವಸಂಸ್ಥೆಯ ಸಮಿತಿ, ವಾಸಿಸುವವರ ಹಿಡುವಳಿ ಸ್ವಂತದ್ದೋ, ಬಾಡಿಗೆಯದೋ, ಕಾಗದವಿಲ್ಲದ್ದೋ, ಯಾವ ಬಗೆಯದಾದರೂ ಬಲವಂತದ ತೆರವಿನಿಂದ ಅವರಿಗೆ ಕಾನೂನಿನ ರಕ್ಷಣೆ ಇರಬೇಕು ಎಂದು 1991ರಲ್ಲೇ ಹೇಳಿದೆ. ತೆರವಿನಿಂದ ಯಾರೂ ಸೂರಿಲ್ಲದವರಾಗಬಾರದು, ರಾತ್ರಿ ಹೊತ್ತಿನಲ್ಲಿ ಅಥವಾ ಕೆಟ್ಟ ಹವೆಯಲ್ಲಿ ಒಪ್ಪಿಗೆಯಿಲ್ಲದೆ ಎಬ್ಬಿಸಬಾರದು, ಎಬ್ಬಿಸಲು ಬಂದವರು ಯಾರೆಂದು ಗೊತ್ತಿರಬೇಕು ಎಂದು 1997ರಲ್ಲಿ ಹೇಳಿದೆ. ಜನ ಗಮನವಿಟ್ಟು ಕೇಳಿದರು. ಆದರೆ ಕೂತ ಜಾಗದಿಂದ ಯಾರೂ ಕದಲಲಿಲ್ಲ.

ಕದಲಿಸಿದ್ದು ಕಾಗದ ಇದ್ದವರ ಸಾಲಿನಲ್ಲೇ ಕೂತಿದ್ದ ಒಬ್ಬ ಮಹಿಳೆ. "ನಮ್ಮನೆ ಕಾಗದ ಗಂಡನ ಹೆಸರಲ್ಲಿದೆ. ಅವನು ಬಿಟ್ಟು ಹೋಗಿ ಆರು ವರ್ಷ. ಈಗ ನಾನು ಯಾವ ಕಡೆ?" ಅಂದರು. ಇನ್ನೊಬ್ಬರ ಕಾಗದ ತೀರಿಹೋದ ತಂದೆಯ ಹೆಸರಿನಲ್ಲಿತ್ತು, ಅಣ್ಣತಮ್ಮಂದಿರು ಮೂವರು. ಮತ್ತೊಬ್ಬರ ಮನೆಯಲ್ಲಿ ಬಾಡಿಗೆಯವರಿದ್ದರು. ಒಂದು ಗಂಟೆಯೊಳಗೆ ಗೊತ್ತಾಯಿತು, ಯಾವ ತಕರಾರೂ ಬಾರದ ಕಾಗದ ಇದ್ದ ಮನೆಗಳು ಒಂಬತ್ತೇ.

ಜಾಗ ಬೇಡ ಅನ್ನಲಿಲ್ಲ. 37 ಮನೆಗಳ ಒಂದೇ ಪಟ್ಟಿ ಮಾಡಿ, ಎಲ್ಲ ಮನೆಗಳ ಸಮೀಕ್ಷೆ ಆದ ಮೇಲೆ ಹಂಚಿ, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸಬೇಡಿ ಎಂದು ಬರೆದುಕೊಟ್ಟೆವು. ಉತ್ತರ ಬರಲು ಏಳು ವಾರ ಬೇಕಾಯಿತು. ಆ ಏಳು ವಾರ ಪ್ರತಿ ರಾತ್ರಿ ಇಬ್ಬರು ಎಚ್ಚರವಿದ್ದರು. ಯಂತ್ರ ಬಂದರೆ ಮೊದಲು ಯಾರಿಗೆ ಫೋನ್, ಗುರುತಿನ ಚೀಟಿ ಕೇಳುವವರು ಯಾರು, ಬರೆದುಕೊಳ್ಳುವವರು ಯಾರು ಎಂಬುದು ಮೊದಲೇ ಗೊತ್ತಿತ್ತು. ವ್ಯಾಪಾರಿಗಳೂ ಸರದಿ ತೆಗೆದುಕೊಂಡರು.

ಕೊನೆಗೆ ಸಮೀಕ್ಷೆಗೆ ಒಪ್ಪಿದರು. ಈವರೆಗೆ 29 ಕುಟುಂಬಕ್ಕೆ ಜಾಗ ಸಿಕ್ಕಿದೆ, ಎಂಟು ಬಾಕಿ. ಜಾಗ ಸಿಕ್ಕವರಲ್ಲಿ ಕೆಲವರು ಈಗ ಸಭೆಗೆ ಬರುವುದಿಲ್ಲ, ಅದು ನೋವಿನ ಸಂಗತಿ. "ನನಗೂ ಮಕ್ಕಳಿದ್ದಾರೆ" ಅಂದಿದ್ದವರು ಬರುತ್ತಾರೆ. ಹೋದ ವಾರ ಆ ಎಂಟರಲ್ಲಿ ಒಂದು ಮನೆಗೆ ಅಧಿಕಾರಿ ಬಂದಾಗ, ಇವರು ಇಷ್ಟು ವರ್ಷದಿಂದ ಇಲ್ಲೇ ಇದ್ದಾರೆ ಎಂದು ಸಾಕ್ಷಿ ಸಹಿ ಹಾಕಿದ್ದೂ ಅವರೇ.