ಪಿ.ಟಿ. ಶೂ ಹಾಕಿಕೊಂಡು ಕಾಳಿ ಹೊಳೆಗೆ ಇಳಿದೆ

ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ, ಹೊಳೆಯಲ್ಲಿ ತೇಲುವ ರಬ್ಬರ್ ಟ್ಯೂಬ್ ಹತ್ತುವ ಮೊದಲು ನನ್ನ ಅವತಾರ ನೋಡಿ ದೋಸ್ತ ಕೇಳಿದ್ದ: "ಏನಲೇ, ಹೊಳಿಗೆ ಬಂದಿಯೋ, ಸಾಲಿಗೆ ಹೊಂಟಿಯೋ?" ಬಿಳಿ ಪಿ.ಟಿ. ಶೂ, ಉದ್ದ ಸಾಕ್ಸ್, ಫುಲ್ ತೋಳಿನ ಫುಟ್‌ಬಾಲ್ ಜರ್ಸಿ, ಕನ್ನಡಕಕ್ಕೆ ಲಾಡಿ. ನಗು ಬರೋದೇ ಬಿಡಿ. ಇದು ಮೂರು ವರ್ಷದ ಹಿಂದಿನ ಮಾತು. ಈ ಜನವರಿಯಲ್ಲಿ ಆರು ಜನ ಹೋಗಿದ್ದೆವು, ಆರೂ ಜನರದ್ದು ಇದೇ ವೇಷ.

ಈ ವೇಷಕ್ಕೆ ಬರುವಷ್ಟರಲ್ಲಿ ನನ್ನ ಕಿಸೆ ಚೆನ್ನಾಗಿ ಖಾಲಿಯಾಗಿತ್ತು. ಮೊದಲ ಟ್ರಿಪ್‌ನಲ್ಲಿ ಕನ್ನಡಕ ಹೋಯಿತು, ಸುಮಾರು 3,800. ರಸ್ತೆ ಬದಿಯ 150 ರೂಪಾಯಿ ಪೌಚ್ ನಂಬಿ ಫೋನ್ ಹೋಯಿತು, ಅದು 14 ಸಾವಿರ. ಎರಡನೇ ಸಲ ಕಾರಿನ ಕೀ ಚಡ್ಡಿ ಜೇಬಿನಲ್ಲೇ ಉಳಿದು ರಿಮೋಟ್ ಸತ್ತಿತು. ಹೊಸದಕ್ಕೆ 9 ಸಾವಿರದ ಹತ್ತಿರ ಆಯ್ತು. ಮನೆಯಲ್ಲಿ ಹೇಳಿದ್ದು 4 ಸಾವಿರ ಅಂತ.

ಕಾಲಿನದೇ ದೊಡ್ಡ ತಲೆನೋವು. ಹವಾಯಿ ಚಪ್ಪಲಿ ಮೊದಲ ಸುಳಿಯಲ್ಲೇ ನಮಗಿಂತ ಮುಂದೆ ಹೊರಟುಹೋಯಿತು. ಬೆಲ್ಟ್ ಸ್ಯಾಂಡಲ್ ಹಾಕಿದರೆ ಅಂಗಾಲಿನಡಿ ಹರಳು ಸೇರುತ್ತದೆ. ಸ್ಪೋರ್ಟ್ಸ್ ಶೂ ನೀರು ಕುಡಿದು ಒಂದೊಂದು ಕಾಲೂ ಕಲ್ಲು ಕಟ್ಟಿದ ಹಾಗಾಗುತ್ತದೆ. ಕೊನೆಗೆ ಶಾಲೆ ಹುಡುಗರ ಕ್ಯಾನ್ವಾಸ್ ಶೂ ತಂದೆ, 300 ಚಿಲ್ಲರೆ. ದಬ್ಬಣ ಕಾಯಿಸಿ ಒಳಬದಿ, ಅಡಿಯಂಚಿನ ಹತ್ತಿರ, ಎರಡೆರಡು ತೂತು ಹಾಕಿದೆ. ದಡಕ್ಕೆ ಬಂದು ನಾಲ್ಕು ಹೆಜ್ಜೆ ಇಟ್ಟರೆ ಪಿಚಕ್ ಪಿಚಕ್ ಅಂತ ನೀರೆಲ್ಲ ಹೊರಗೆ. ಪಾಚಿ ಕಟ್ಟಿದ ಬಂಡೆ ಮೇಲೆ ಜಾರೋದು ತಪ್ಪೋದಿಲ್ಲ, ಆದರೆ ಬೆರಳಾದರೂ ಉಳಿಯುತ್ತದೆ. ಶೂ ಅರ್ಧ ಸೈಜ್ ಬಿಗಿ ಇರಲಿ. ಲೇಸ್‌ಗೆ ನಾನು ಹಾಕುವ ಗಂಟು ಬೇರೆಯೇ ಇದೆ, ಅದನ್ನು ಜೊತೆಗೆ ಬಂದವರಿಗೆ ಮಾತ್ರ ಕಲಿಸುತ್ತೇನೆ.

ಫುಲ್ ತೋಳು ಯಾಕೆ ಅಂದರೆ, ಕೈಯಲ್ಲಿ ನೀರು ಎಳೆಯುವಾಗ ರಟ್ಟೆಯ ಒಳಭಾಗ ರಬ್ಬರಿಗೆ ಉಜ್ಜುತ್ತದೆ. ಬನಿಯನ್ ಹಾಕಿಕೊಂಡು ಹೋಗಿದ್ದ ವರ್ಷ ಎರಡೂ ಕಡೆ ಚರ್ಮ ಕಿತ್ತು ಮೂರು ದಿನ ಕೈ ಅಗಲಿಸಿಕೊಂಡೇ ಓಡಾಡಿದೆ. ಮಲಗಿ ತೇಲುವುದರಿಂದ ಬಿಸಿಲು ಬೀಳೋದು ಮೊಣಕಾಲು, ಪಾದದ ಮೇಲೆ, ಗದ್ದದ ಕೆಳಗೆ. ಸನ್‌ಸ್ಕ್ರೀನ್ ಬಳಿದರೆ ಟ್ಯೂಬ್ ಮೇಲೆ ಕೂತಲ್ಲಿ ಕೂರೋಕಾಗಲ್ಲ, ಜಾರುತ್ತದೆ. ಕಾಟನ್ ಮಾತ್ರ ಬೇಡ್ವೇ ಬೇಡ. ಈ ಹೊಳೆಗೆ ನೀರು ಬಿಡುವ ಸೂಪಾ ಡ್ಯಾಂ 101 ಮೀಟರ್ ಎತ್ತರದ್ದು. ತಳದ ಕಡೆಯಿಂದ ಬರುವ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅದರ ಜೊತೆ ಒದ್ದೆ ಕಾಟನ್ ಮೈಗಂಟಿದರೆ ಹಲ್ಲು ಕಟಕಟ. ಲಾರಿ ಟ್ಯೂಬ್ ಆದರೆ ಹವಾ ತುಂಬುವ ನಳಿಗೆ ಹಳೆ ಸಾಕ್ಸ್ ಸುತ್ತಿ ಕಟ್ಟಿ. ನನ್ನ ಎಡ ಸೊಂಟದ ಗೀರು ಅದರದ್ದೇ.

ಲುಂಗಿ ಕಚ್ಚೆ ಕಟ್ಟಿಯೂ ಒಮ್ಮೆ ನೋಡಿದೆ. ಐದೇ ನಿಮಿಷ. ಮುಂದಿನದು ಬರೆಯೋದಿಲ್ಲ.

ಉಂಗುರ ಮನೆಯಲ್ಲೇ ಬಿಟ್ಟು ಬನ್ನಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ. ನಮ್ಮ ವೈನಿಯ ಮೂರು ಗ್ರಾಮಿನ ಉಂಗುರ ಕಾಳಿಯ ತಳದಲ್ಲಿದೆ. ಅಣ್ಣ ಇವತ್ತಿಗೂ ನನ್ನನ್ನೇ ಬೈಯುತ್ತಾನೆ. ಹೆಂಗಸರಿಗೆ ದುಪಟ್ಟಾ ಬೇಡ, ಲೆಗ್ಗಿಂಗ್ಸ್ ಮೇಲೆ ಗಿಡ್ಡ ಟಾಪ್ ಸಾಕು. ಕೊಂಬೆಗೆ ಸಿಕ್ಕಿಕೊಳ್ಳುವಂಥದ್ದು ಯಾವುದೂ ಮೈಮೇಲೆ ಬೇಡ.

ಫೋನ್ ಪೌಚ್‌ಗೆ ನನ್ನದೊಂದು ಪರೀಕ್ಷೆ. ಒಳಗೆ ಟಿಶ್ಯೂ, ತೂಕಕ್ಕೆ ನಾಲ್ಕು ನಾಣ್ಯ ಹಾಕಿ ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿಡೋದು. ಐದು ಪೌಚ್‌ನಲ್ಲಿ ಪಾಸಾಗಿದ್ದು ಎರಡು. 600 ಕೊಟ್ಟಿದ್ದೇ ಫೇಲ್, 350ರದ್ದು ಪಾಸ್! ಬಲೂನಿನೊಳಗೆ ಕೀ ಹಾಕಿ ತೇಲಿಸಿಯೂ ನೋಡಿದೆ. ತೇಲಿತು, ಆಮೇಲೆ ಬಿದಿರಿನ ಮುಳ್ಳಿಗೆ ಒಡೆಯಿತು. ಈಗ ಕೀ ದಡದಲ್ಲಿ ಚಹಾ ಅಂಗಡಿ ಕಾಕಾನ ಹತ್ತಿರ ಇರುತ್ತದೆ. ಕನ್ನಡಕದ ಗಾಜಿಗೆ ನೀರು ನಿಲ್ಲದ ಹಾಗೆ ಏನು ಸವರುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅಡುಗೆಮನೆಯದ್ದು, ಇಷ್ಟು ಸಾಕು.

ಲೈಫ್ ಜಾಕೆಟ್ ಟ್ಯೂಬ್ ಕೊಡುವವರೇ ಕೊಡ್ತಾರೆ, ಆದರೆ ಕೊಟ್ಟಿದ್ದನ್ನು ಸುಮ್ನೆ ಹಾಕಿಕೊಳ್ಳಬೇಡಿ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿಸಿ ನೋಡಿ, ಕಿವಿಗೆ ಬಂದರೆ ಬೇರೆ ಕೇಳಿ. ಡ್ಯಾಂನ ಪವರ್‌ಹೌಸ್ ನೀರು ಬಿಟ್ಟರೆ ಹೊಳೆ ನೋಡನೋಡುತ್ತಲೇ ಏರುತ್ತದೆ, ಹಾಗಾಗಿ ಊರವರನ್ನು ಕೇಳದೆ ಇಳಿಯೋದೇ ಇಲ್ಲ. ಇನ್ನು ಕೆಳಗೆ ದಾಂಡೇಲಿ ಕಡೆ ಮೊಸಳೆ ಇವೆ. "ಇನ್ನೊಂದು ಸ್ವಲ್ಪ ತೇಲೋಣ" ಅನ್ನುವವರನ್ನು ನಾನು ಮುಂದಿನ ಸಲ ಕರೆಯೋದಿಲ್ಲ.

ಬುತ್ತಿಗೆ ಶೇಂಗಾ ಉಂಡಿ, ಸ್ಟೀಲ್ ಡಬ್ಬಿಯಲ್ಲಿ, ದಡದಲ್ಲಿ. ಚುರಮುರಿ ಗಿರ್ಮಿಟ್ ಒಯ್ದು ಮೆತ್ತಗಾದದ್ದೂ ಉಂಟು.

ಅಂದು ಸಾಲಿ ಅಂತ ಆಡಿಕೊಂಡ ದೋಸ್ತ ಈ ಡಿಸೆಂಬರ್‌ನಲ್ಲಿ ಫೋನ್ ಮಾಡಿದ್ದ. "ಲೇ, ಆ ಶೂಕ ತೂತು ಎಲ್ಲಿ ಹಾಕೂದ?" ದಬ್ಬಣ ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ.