ಪೇಟಿ ಬಿಳಿ ಒಂದು, ಕೊಳಲು ಬಿಳಿ ಐದು

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನ ಪೇಟಿ, ಅಂದರೆ ಹಾರ್ಮೋನಿಯಂ, ಹಳೆಯ ಧೋತರ ಸುತ್ತಿಕೊಂಡು ಹನ್ನೊಂದು ವರ್ಷ ಮಲಗಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಅದನ್ನು ಕೆಳಗಿಳಿಸಿದೆ. ತಿದಿಯ ತೂತಿಗೆ ತೇಪೆ ಹಾಕಿಸಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗುರುಗಳೊಬ್ಬರ ಬಳಿ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಅದೇ ವರ್ಷ ಅಣ್ಣನ ಮಗ ಕೊಳಲು ಹಿಡಿದ. ಅವನಾಗ ಒಂಬತ್ತನೆಯ ತರಗತಿ. ಇಬ್ಬರಿಗೂ ನೆಟ್ಟಗೆ ಏನೂ ಬರುತ್ತಿರಲಿಲ್ಲ. ಆದರೂ ಒಂದು ಭಾನುವಾರ ಅವನು, "ಅತ್ತೆ, ನಾವಿಬ್ಬರೂ ಜುಗಲ್‌ಬಂದಿ ಮಾಡೋಣ" ಎಂದ. ನಾನು ಹೂಂ ಎಂದೆ.

ಮೊದಲು ಆರಿಸಿಕೊಂಡದ್ದು ಒಂದು ಸಿನಿಮಾ ಯುಗಳ ಗೀತೆ. ಇಬ್ಬರಿಗೂ ಬಾಯಿಪಾಠವಾಗಿತ್ತು, ಅದೇ ಆರಿಸಲು ಕಾರಣ. ಬೇರೆ ಬೇರೆ ಕೋಣೆಯಲ್ಲಿ ಕುಳಿತು ಒಂದು ವಾರ ಕಲಿತೆವು. ಒಬ್ಬೊಬ್ಬರೇ ನುಡಿಸಿದಾಗ ಹಾಡು ಹಾಡಿನಂತೆಯೇ ಇತ್ತು. ಒಟ್ಟಿಗೆ ಕುಳಿತ ದಿನ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಅತ್ತಿಗೆ ಬಂದು, ಏನೂ ಹೇಳದೆ, ಕಿಟಕಿ ಮುಚ್ಚಿ ಹೋದರು.

ತಪ್ಪು ಎಲ್ಲಿದೆ ಎಂದು ಹುಡುಕಲು ನಮಗೆ ಎರಡು ತಿಂಗಳು ಬೇಕಾಯಿತು. ಮೊದಲನೆಯದು ಕೊಳಲಿನಲ್ಲೇ ಇತ್ತು. ಅದನ್ನು ಯಾವುದೋ ಜಾತ್ರೆಯಲ್ಲಿ ಕೊಂಡಿದ್ದ. ಮೈಮೇಲೆ ಬಣ್ಣದ ದಾರ ಸುತ್ತಿತ್ತು, ಶ್ರುತಿಯ ಗುರುತು ಮಾತ್ರ ಇರಲಿಲ್ಲ. ಅದರ ಷಡ್ಜ, ಅಂದರೆ ಸ, ನನ್ನ ಪೇಟಿಯ ಯಾವ ಪಟ್ಟಿಗೂ ಕೂಡದೆ, ಎರಡು ಪಟ್ಟಿಗಳ ನಡುವಿನ ಸಂದಿಯಲ್ಲೆಲ್ಲೋ ಕುಳಿತಿತ್ತು. ಗುರುಗಳಿಗೆ ತೋರಿಸಿದರೆ, "ಇದನ್ನು ಗೋಡೆಗೆ ತೂಗುಹಾಕಿ, ಚೆಂದ ಕಾಣುತ್ತದೆ" ಎಂದರು. ಶ್ರುತಿ ನೋಡಿ ಮಾಡಿದ, ಜಿ ಎಂದು ಗುರುತಿದ್ದ ಕೊಳಲು ತರಿಸಿದೆವು. ಪೇಟಿಯ ಲೆಕ್ಕದಲ್ಲಿ ಅದು ಬಿಳಿ ಐದು, ಅಂದರೆ ಸಿ ಪಟ್ಟಿಯಿಂದ ಎಣಿಸಿದರೆ ಐದನೆಯ ಬಿಳಿ ಪಟ್ಟಿ. ಮೇಲಿನ ಮೂರು ರಂಧ್ರ ಮುಚ್ಚಿ ಊದಿದರೆ ಷಡ್ಜ. ದೊಡ್ಡ ಕಛೇರಿಗಳಲ್ಲಿ ನೋಡುವ ಬಿಳಿ ಮೂರರ ಕೊಳಲು ಮುಕ್ಕಾಲು ಮೀಟರಿನಷ್ಟು ಉದ್ದ. ಹೊಸಬರ ಬೆರಳಿಗೆ ಅದರ ರಂಧ್ರಗಳು ದೂರ ದೂರ.

ಈಗ ತೊಂದರೆ ನನ್ನ ಕಡೆಗೆ ಬಂತು. ನನ್ನ ಬೆರಳಿಗೆ ಗೊತ್ತಿದ್ದದ್ದು ಬಿಳಿ ಒಂದರ ಸರಿಗಮ ಮಾತ್ರ. ಕೊಳಲಿನ ಶ್ರುತಿ ಬಿದಿರಿನಲ್ಲಿ ಕೊರೆದಾಗಿದೆ, ಬದಲಿಸಲು ಬಾರದು. ಸರಿಯಬೇಕಾದವಳು ಪೇಟಿಯವಳೇ. ಹೀಗಾಗಿ ಯಾವ ರಾಗ ನುಡಿಸೋಣ ಎನ್ನುವ ಮೊದಲು, ಬಿಳಿ ಐದರಿಂದ ಯಾವ ರಾಗ ನನ್ನ ಕೈಗೆ ಸುಲಭ ಎಂದು ಕೇಳಿಕೊಂಡೆ. ಯಮನ್ ಹಿಡಿದರೆ ತೀವ್ರ ಮಧ್ಯಮಕ್ಕೂ ನಿಷಾದಕ್ಕೂ ಕಪ್ಪು ಪಟ್ಟಿಗೆ ಹೋಗಬೇಕು. ಭೂಪಾಲಿ ಹಿಡಿದರೆ ಐದೂ ಸ್ವರ ಬಿಳಿಯಲ್ಲೇ. ದುರ್ಗಾ ಹಿಡಿದರೂ ಅಷ್ಟೇ. (ಇದೇ ದುರ್ಗಾವನ್ನು ಕಪ್ಪು ಒಂದರಿಂದ ನುಡಿಸಿದರೆ ಐದೂ ಸ್ವರ ಕಪ್ಪು ಪಟ್ಟಿಗಳ ಮೇಲೆಯೇ ಬೀಳುತ್ತವೆ. ಅದನ್ನು ಕಂಡುಕೊಂಡ ದಿನ ಮಗುವಿನಂತೆ ಹಿಗ್ಗಿದ್ದೆ.)

ಭೂಪಾಲಿ ಎಲ್ಲರೂ ಮೊದಲು ಕಲಿಯುವ ರಾಗ, ನಾವೂ ಅದರಿಂದಲೇ ಹೊರಟೆವು. ಆದರೆ ಗಂಧಾರ ಬಂದಾಗಲೆಲ್ಲ ಹುಡುಗ ಮುಖ ಕಿವಿಚುತ್ತಿದ್ದ. "ಅತ್ತೆ, ನಿಮ್ಮ ಗ ಏರು." ಪೇಟಿಯ ಗಂಧಾರವನ್ನು ನಾನು ಏರಿಸುವುದೆಲ್ಲಿಂದ ಬಂತು? ಬೆರಳಿಟ್ಟರೆ ಬರುವುದೇ ಅದು. ಗುರುಗಳ ಬಳಿ ದೂರು ಒಯ್ದಾಗ ಅವರು ತಂಬೂರಿ ಮೀಟಿ, ಅದರೊಳಗಿನಿಂದ ತಾನಾಗಿ ಹೊಮ್ಮುವ ಗಂಧಾರವನ್ನು ಕೇಳಿಸಿದರು. ಹುಡುಗನ ಕಿವಿ ಸರಿಯಾಗಿಯೇ ಇತ್ತು. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಒಂದೊಂದು ಪಾಲನ್ನೂ ಮತ್ತೆ ನೂರು ಮಾಡಿ ಅಳೆದರೆ ಅದರ ಶುದ್ಧ ಗಂಧಾರ ಸಹಜ ಗಂಧಾರಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಕೊಳಲಿನವನು ಕಿವಿಯಿಂದ ಸಹಜ ಸ್ವರಕ್ಕೆ ಇಳಿಯುತ್ತಾನೆ, ಪೇಟಿ ಇಳಿಯುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟದ್ದಕ್ಕೆ ಈ ಸಮಪಾಲಿನ ಶ್ರುತಿಯೂ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬಾರದಿರುವುದೂ ಕಾರಣವೆಂದು ಗುರುಗಳು ಹೇಳಿದಾಗ, ಅಪ್ಪನ ಪೇಟಿಯ ಪರವಾಗಿ ನನಗೆ ಸ್ವಲ್ಪ ಸಿಟ್ಟೇ ಬಂತು.

ಅಂದಿನಿಂದ ದುರ್ಗಾ. ಅದರಲ್ಲಿ ಗಂಧಾರವೂ ಇಲ್ಲ, ನಿಷಾದವೂ ಇಲ್ಲ. ಸ, ರೆ, ಮ, ಪ, ಧ. ರಿಷಭ, ಮಧ್ಯಮ, ಪಂಚಮಗಳಲ್ಲಿ ಪೇಟಿಗೂ ಸಹಜ ಸ್ವರಕ್ಕೂ ಕಿವಿಗೆ ತಾಗುವಷ್ಟು ಅಂತರವಿಲ್ಲ. ಧೈವತದಲ್ಲಿ ಮಾತ್ರ ಒಮ್ಮೊಮ್ಮೆ ತಕರಾರು ಬರುತ್ತದೆ. ಒಬ್ಬರೇ ಕಲಿಯುವವರಿಗೆ ಭೂಪಾಲಿ, ದುರ್ಗಾ ಎರಡೂ ಒಂದೇ ತೂಕ. ಪೇಟಿ, ಕೊಳಲು ಜೊತೆಗೂಡುವ ಹೊಸಬರಿಗೆ ದುರ್ಗಾವೇ ಹಗುರ. ಇದು ನನ್ನ ಅನುಭವದ ಮಾತು, ಶಾಸ್ತ್ರದ್ದಲ್ಲ.

ಇಷ್ಟಾದರೂ ಮೇ ತಿಂಗಳಲ್ಲಿ ಮತ್ತೆ ಕೆಟ್ಟಿತು. ನಮ್ಮ ಊರಿನ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ 42 ಡಿಗ್ರಿ ದಾಟಿದರೆ ಸಂಜೆ ಏಳಕ್ಕೂ ಗೋಡೆ ಮುಟ್ಟಲಾಗದು. ಚಳಿಗಾಲದಲ್ಲಿ ಕೂಡಿದ್ದ ಷಡ್ಜ ಈಗ ಕೂಡಲೊಲ್ಲದು. ಕಾದ ಗಾಳಿಯಲ್ಲಿ ನಾದ ವೇಗವಾಗಿ ಹರಿಯುತ್ತದೆ, ಕೊಳಲು ಏರುತ್ತದೆ. ಲೆಕ್ಕಕ್ಕೆ ಒಂದು ಡಿಗ್ರಿಗೆ, ಮೇಲೆ ಹೇಳಿದ ನೂರರಲ್ಲಿ ಸುಮಾರು ಮೂರು ಪಾಲು. ಊದುವವರ ಉಸಿರಿನ ಬಿಸಿ ಯಾವ ಕಾಲದಲ್ಲೂ ಕೊಳಲಿನೊಳಗೆ ಇರುವುದರಿಂದ ಅಷ್ಟೂ ಏರದು. ಆದರೂ ಪೇಟಿಯಲ್ಲಿ ನಾದ ಹುಟ್ಟಿಸುವ ಹಿತ್ತಾಳೆಯ ರೀಡು ಕಾದರೆ ಕೂದಲೆಳೆಯಷ್ಟು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಕೊಳಲನ್ನು ತುಟಿಯ ಒಳಕ್ಕೆ ತುಸು ಹೊರಳಿಸಿದರೆ ಶ್ರುತಿ ಇಳಿಯುತ್ತದೆ, ಹುಡುಗ ಅದನ್ನು ಕಲಿತ. ಸಾಲದ್ದಕ್ಕೆ ಅಭ್ಯಾಸವನ್ನು ಬೆಳಗಿನ ಆರಕ್ಕೆ ಬದಲಿಸಿದೆವು. ಅವನಿಗೆ ಕೋಪ, ನನಗೆ ಲಾಭ: ಆ ಹೊತ್ತಿನಲ್ಲಿ ಓಣಿಯಲ್ಲಿ ಹಾಲಿನವನ ಬಿಟ್ಟರೆ ಸದ್ದಿಲ್ಲ.

ಇನ್ನು ನುಡಿಸುವ ಕ್ರಮ. ಇಬ್ಬರೂ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸುವುದು ಸುಲಭವೆಂದು ಎಲ್ಲರೂ ತಿಳಿಯುತ್ತಾರೆ. ಅದೇ ಕಷ್ಟದ್ದು. ಕೂದಲಷ್ಟು ಹಿಂದೆಮುಂದಾದರೂ, ಶ್ರುತಿ ಕೊಂಚ ಸರಿದರೂ ಬಯಲಾಗುತ್ತದೆ. ನಾವು ಅದನ್ನು ಕೊನೆಗಿಟ್ಟುಕೊಂಡೆವು. ಮೊದಲು ನಾನು ಷಡ್ಜ, ಪಂಚಮ ಹಿಡಿದು ಕುಳಿತೆ, ಅವನು ಅದರ ಮೇಲೆ ತಿರುಗಾಡಿದ. ಆಮೇಲೆ ಅವನು ಉದ್ದನೆಯ ಷಡ್ಜ ಊದಿದ, ನಾನು ತಿರುಗಾಡಿದೆ. ಉಸಿರು ಮುಗಿದರೆ ಅವನ ಷಡ್ಜ ಕಡಿಯುತ್ತದಲ್ಲ, ಆಗ ನಾನೂ ನಿಲ್ಲಬೇಕು ಎಂಬುದು ಕರಾರು. ಪೇಟಿಯವರಿಗೆ ಉಸಿರಿನ ಹಂಗಿಲ್ಲದ್ದರಿಂದ ನಾವು ಮಾತು ನಿಲ್ಲಿಸದ ಬಂಧುಗಳ ಹಾಗೆ ನುಡಿಸುತ್ತಲೇ ಇರುತ್ತೇವೆ. ಆ ಕರಾರಿನಿಂದ ನನಗೆ ಸಾಲಿನ ಕೊನೆ ಎಲ್ಲಿದೆಯೆಂದು ತಿಳಿಯಿತು. ಭಾತಖಂಡೆ ಪದ್ಧತಿಯಲ್ಲಿ ಸ್ವರ ಬರೆದುಕೊಂಡಿದ್ದ ನೋಟುಪುಸ್ತಕದಲ್ಲಿ ಅವನು ಉಸಿರೆಳೆಯುವ ಜಾಗಕ್ಕೆಲ್ಲ ಕೆಂಪು ಚುಕ್ಕೆ ಇಟ್ಟೆ. ತಿದಿಯನ್ನೂ ಅಲ್ಲಿಯೇ ಎಳೆಯುತ್ತೇನೆ.

ಎರಡನೆಯದು ಪ್ರಶ್ನೆ, ಉತ್ತರ. ಒಬ್ಬರು ಒಂದು ಸಾಲು, ಇನ್ನೊಬ್ಬರು ಅದೇ ಸಾಲು. ನಮ್ಮ ಕಡೆಯ ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಅದೇ.

ಮೂರನೆಯದನ್ನು ನಾವೇ ತಡವರಿಸಿ ಕಂಡುಕೊಂಡೆವು, ಅದರ ಮೇಲೆ ನನಗೆ ಹೆಚ್ಚು ಮಮತೆ. ದುರ್ಗಾದ ಸಾದಾ ಅಲಂಕಾರ: ಸರೆಮ, ರೆಮಪ, ಮಪಧ, ಪಧಸ. ಇಳಿಯುವಾಗ ಸಧಪ, ಧಪಮ, ಪಮರೆ, ಮರೆಸ. ಅವನು ಹೊರಟ ಮೇಲೆ ನಾನು ಹಿಂದಿನಿಂದ ಹೊರಡಬೇಕು. ಒಂದು ಗುಂಪು ತಡಮಾಡಿ ಹೊರಟೆ: ಅವನ ರಿಷಭಕ್ಕೆ ನನ್ನ ಷಡ್ಜ, ಅವನ ಪಂಚಮಕ್ಕೆ ನನ್ನ ಮಧ್ಯಮ. ಪಕ್ಕಪಕ್ಕದ ಸ್ವರಗಳು ಮೈಗೆ ಮೈ ಉಜ್ಜಿ ಕಿರಿಕಿರಿ. ಎರಡು ಗುಂಪು ತಡಮಾಡಿದೆ. ಅವನು ಮಪಧ ಎನ್ನುವಾಗ ನಾನು ಸರೆಮ. ಷಡ್ಜದ ಮೇಲೆ ಮಧ್ಯಮ, ರಿಷಭದ ಮೇಲೆ ಪಂಚಮ, ಮಧ್ಯಮದ ಮೇಲೆ ಧೈವತ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಎರಡು ಗುಂಪು ಎಂದರೆ ಆರು ಮಾತ್ರೆ, ಆರು ಮಾತ್ರೆ ಎಂದರೆ ದಾದರಾ ತಾಳದ ಸರಿಯಾಗಿ ಒಂದು ಆವರ್ತನ, ಅಂದರೆ ಒಂದು ಸುತ್ತು. ಅವನ ಮೊದಲ ಆವರ್ತನ ಮುಗಿದು ಸಮ್, ಅಂದರೆ ಮೊದಲ ಮಾತ್ರೆ, ಮತ್ತೆ ಬಂದಾಗ ನಾನು ಹೊರಟರೆ ಸಾಕು, ಎಣಿಸಬೇಕಾಗಿಯೇ ಇಲ್ಲ. ಅವನು ಮೇಲಿನ ಷಡ್ಜದಿಂದ ಇಳಿಯತೊಡಗಿ ನಾನಿನ್ನೂ ಏರುತ್ತಿರುವ ಒಂದು ಆವರ್ತನದಲ್ಲಿ ಮಾತ್ರ ಧೈವತವೂ ಪಂಚಮವೂ ಡಿಕ್ಕಿ ಹೊಡೆಯುತ್ತವೆ. ಅಲ್ಲಿ ಇಬ್ಬರೂ ಮೆಲ್ಲಗೆ ನುಡಿಸಿ ದಾಟುತ್ತೇವೆ. ನಾನೂ ಇಳಿಯತೊಡಗಿದರೆ ಮತ್ತೆ ಹಿತ.

ಲಯಕ್ಕೆ ಮೊಬೈಲಿನ ತಬಲಾ ಇಟ್ಟುಕೊಂಡಿದ್ದೇವೆ, ನಿಮಿಷಕ್ಕೆ 60 ಮಾತ್ರೆ. ಆದರೆ ದಾದರಾ ಮೈಗೆ ಹತ್ತಿದ್ದು ನಮ್ಮ ಊರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಿ ಸಂಜೆ ನಡೆಯುವಾಗ. ಒಂದನೆಯ ಮಾತ್ರೆಗೆ ಬಲಗಾಲು, ನಾಲ್ಕನೆಯದಕ್ಕೆ ಎಡಗಾಲು, ಬಾಯಲ್ಲಿ ಸರೆಮ ರೆಮಪ. ಎದುರಿಗೆ ಬಂದವರು ನಮ್ಮನ್ನು ನೋಡುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಧ್ವನಿಮುದ್ರಣ ಮಾಡಿ ಕೇಳಿದಾಗ ಇನ್ನೊಂದು ಗೊತ್ತಾಯಿತು: ಕೊಳಲು ಕೇಳಿಸುತ್ತಲೇ ಇಲ್ಲ. ಜೋಡಿ ರೀಡಿನಲ್ಲಿ ಒಂದನ್ನು ಮುಚ್ಚಿದೆ. ಪಕ್ಕದಲ್ಲಿ ಕೂರುವುದನ್ನು ಬಿಟ್ಟು ಎದುರುಬದುರು ಕುಳಿತೆವು. ಅಂದಿನಿಂದ ಅವನ ಹೆಗಲು ಏರುವುದು ನನಗೆ ಕಾಣುತ್ತದೆ, ಉಸಿರೆಳೆಯುತ್ತಿದ್ದಾನೆಂದು ತಿಳಿಯುತ್ತದೆ.

ಮರುವರ್ಷದ ಶ್ರಾವಣದಲ್ಲಿ ಓಣಿಯ ಹನುಮಂತದೇವರ ಗುಡಿಯ ಭಜನೆಗೆ ಕರೆ ಬಂತು. ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರ ತತ್ವಪದವೊಂದನ್ನು ಆರಿಸಿದೆವು. ನಾವು ಕೇಳಿ ಬಲ್ಲ ಧಾಟಿ ಒಂದು ಸಪ್ತಕದೊಳಗೇ ಓಡಾಡುತ್ತದೆ, ಸಾಲು ಚಿಕ್ಕದು, ಸೊಲ್ಲು, ಅಂದರೆ ಪಲ್ಲವಿ, ಮತ್ತೆ ಮತ್ತೆ ಬರುತ್ತದೆ. ಅವನು ಸಾಲು ಹೇಳುವುದು, ನಾನು ಎತ್ತಿಕೊಳ್ಳುವುದು, ಸೊಲ್ಲಿಗೆ ಇಬ್ಬರೂ ಸೇರುವುದು ಎಂದು ಗೊತ್ತುಮಾಡಿಕೊಂಡೆವು. ಹಿಂದಿನ ವಾರವೆಲ್ಲ ಬೇಕೆಂದೇ ತಪ್ಪಿ ನೋಡಿದೆವು: ಒಬ್ಬರು ದಾರಿ ತಪ್ಪಿದರೆ ಇನ್ನೊಬ್ಬರು ನಿಲ್ಲಬಾರದು, ತಪ್ಪಿದವರು ಮುಂದಿನ ಸೊಲ್ಲಿನಲ್ಲಿ ಬಂದು ಕೂಡಿಕೊಳ್ಳಬೇಕು.

ಗುಡಿಯಲ್ಲಿ ಎರಡನೆಯ ನುಡಿಗೆ ಯಾರೋ ಅವನ ಎದುರಿಗೇ ಊದಿನಕಡ್ಡಿ ತಂದು ಹಚ್ಚಿದರು. ಕೆಮ್ಮು ಬಂತು, ಕೊಳಲು ತುಟಿಯಿಂದ ಜಾರಿತು. ಅವನ ಸಾಲನ್ನು ನಾನೇ ಹೇಳಿದೆ, ನನ್ನದನ್ನೂ ನಾನೇ ಹೇಳಿದೆ. ಸೊಲ್ಲಿಗೆ ಅವನು ಬಂದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಂದೆ ಕುಳಿತಿದ್ದ ಮುದುಕರೊಬ್ಬರು ಹುಡುಗನಿಗೆ ಎಷ್ಟು ಭಕ್ತಿ ಎಂದು ಹೊಗಳಿದರು. ಅವನು ಬೇಡವೆನ್ನಲಿಲ್ಲ.

ಈಗ ಅವನು ನನಗಿಂತ ಒಂದು ಗೇಣು ಎತ್ತರ. ಬೆರಳೂ ಉದ್ದವಾಗಿವೆ. ಹೋದ ತಿಂಗಳು ಬಿಳಿ ಮೂರರ ದೊಡ್ಡ ಕೊಳಲು ತಂದುಕೊಂಡಿದ್ದಾನೆ. "ಅತ್ತೆ, ನೀವು ಒಂದು ಸ್ವಲ್ಪ ಸರಿಯಬೇಕು" ಎಂದ. ಅಲ್ಲಿಂದ ದುರ್ಗಾ ಹಿಡಿದರೆ ರಿಷಭ ಕಪ್ಪು ಮೂರಕ್ಕೆ, ಧೈವತ ಕಪ್ಪು ಒಂದಕ್ಕೆ ಬೀಳುತ್ತದೆ. ಬೆಳಿಗ್ಗೆ ಐದೂವರೆಗೇ ಎದ್ದು, ಅವನು ಬರುವ ಮೊದಲು, ಆ ಎರಡು ಪಟ್ಟಿಗಳನ್ನು ಹುಡುಕುತ್ತಿದ್ದೇನೆ.