ವೆಬ್ ಸ್ಕ್ರಿಪ್ಟಿಂಗ್ ಪುಸ್ತಕ ಕೊಳ್ಳುವ ಮುನ್ನ ಒಂದು ಅಧ್ಯಾಯವನ್ನು ಪರೀಕ್ಷಿಸಿ

ಮಂಗಳೂರಿನ ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ ಕಂಪ್ಯೂಟರ್ ಪುಸ್ತಕಗಳ ಕಪಾಟಿನ ಮುಂದೆ ನಿಂತವರು ಮೊದಲು ನೋಡುವುದು ಬೆಲೆಯನ್ನು, ಆಮೇಲೆ ದಪ್ಪವನ್ನು. ಹೆಚ್ಚೆಂದರೆ ಪರಿವಿಡಿಯ ಮೇಲೆ ಕಣ್ಣಾಡಿಸುತ್ತಾರೆ. ಪರಿವಿಡಿಯಿಂದ ತಿಳಿಯುವುದು ಅಷ್ಟಕ್ಕಷ್ಟೇ. ವೇರಿಯಬಲ್, ಲೂಪ್, ಫಂಕ್ಷನ್, ಫಾರ್ಮ್ ಎಂಬ ಸರಣಿ ಒಳ್ಳೆಯ ಪುಸ್ತಕದಲ್ಲೂ ಇರುತ್ತದೆ, ಕಳಪೆಯದರಲ್ಲೂ ಇರುತ್ತದೆ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಇರಲಿ, ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಇರಲಿ, ಇಂಥ ಪುಸ್ತಕವನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಒಂದೇ: ಬರೆದ ಕೋಡ್ ಕೈಕೊಟ್ಟಾಗ ಈ ಪುಸ್ತಕ ಜೊತೆಗಿರುತ್ತದೆಯೇ, ಇಲ್ಲ ಮುಂದಿನ ಪುಟಕ್ಕೆ ಹೊರಟುಹೋಗುತ್ತದೆಯೇ?

ಇದನ್ನು ಕಂಡುಕೊಳ್ಳಲು ಇಡೀ ಪುಸ್ತಕ ಓದಬೇಕಿಲ್ಲ. ಕಾಲೇಜಿನ ಗ್ರಂಥಾಲಯದಲ್ಲೋ ಬಾವುಟಗುಡ್ಡೆಯ ಸಾರ್ವಜನಿಕ ಗ್ರಂಥಾಲಯದಲ್ಲೋ ಒಂದು ಪ್ರತಿ ಸಿಕ್ಕರೆ, ಅಥವಾ ಗೆಳೆಯರಿಂದ ಎರವಲು ದೊರೆತರೆ, ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮೊದಲು ಇಸವಿ ನೋಡಿ

ಮುದ್ರಣ ವಿವರದ ಪುಟ ತೆರೆಯಿರಿ. ಅಲ್ಲಿ 2023 ಎಂದಿದ್ದ ಮಾತ್ರಕ್ಕೆ ಪುಸ್ತಕ ಹೊಸದಲ್ಲ. ಅದು ಮರುಮುದ್ರಣದ ವರ್ಷವಾಗಿರಬಹುದು. ಬೇಕಾದದ್ದು ಆವೃತ್ತಿಯ ವರ್ಷ. ಜಾವಾಸ್ಕ್ರಿಪ್ಟ್‌ಗೆ 2015 ದೊಡ್ಡ ತಿರುವು. ಲೆಟ್, ಕಾನ್ಸ್ಟ್, ಆ್ಯರೋ ಫಂಕ್ಷನ್, ಪ್ರಾಮಿಸ್ ಇವೆಲ್ಲ ಭಾಷೆಯ ಮಾನದಂಡಕ್ಕೆ ಸೇರಿದ್ದು ಆ ವರ್ಷ. ಅಸಿಂಕ್ ಮತ್ತು ಅವೇಟ್ ಬಂದದ್ದು 2017ರಲ್ಲಿ. ಹಿಂಬದಿಯ ಪದಸೂಚಿಯಲ್ಲಿ ಇವನ್ನು ಹುಡುಕಿದರೆ ಪುಸ್ತಕದ ನಿಜವಾದ ವಯಸ್ಸು ಗೊತ್ತಾಗುತ್ತದೆ.

ಹಳತೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಹಳೆಯ ಕೋಡ್ ಬಹುಪಾಲು ಇಂದಿಗೂ ಓಡುತ್ತದೆ. ಆದ್ದರಿಂದ ಫಂಕ್ಷನ್, ಸ್ಕೋಪ್ (ಒಂದು ಹೆಸರು ಕೋಡ್‌ನ ಎಷ್ಟು ಭಾಗದಲ್ಲಿ ಸಲ್ಲುತ್ತದೆ ಎಂಬುದು) ಇವನ್ನು ಬಿಡಿಸಿ ಹೇಳುವ ಹಳೆಯ ಪುಸ್ತಕವನ್ನು, ಏನನ್ನೂ ವಿವರಿಸದ ಹೊಸ ಪುಸ್ತಕಕ್ಕಿಂತ ಮೇಲಿಡಲು ನನಗೆ ಸಂಕೋಚವಿಲ್ಲ. ಪಿಎಚ್‌ಪಿಯ ಕಥೆ ಬೇರೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ಗೆ ಸಂಪರ್ಕ ಕಲ್ಪಿಸುತ್ತಿದ್ದ ಹಳೆಯ ಫಂಕ್ಷನ್‌ಗಳ ಇಡೀ ಗುಂಪನ್ನು 2015ರ ಡಿಸೆಂಬರ್‌ನಲ್ಲಿ ಬಂದ 7ನೇ ಆವೃತ್ತಿಯಲ್ಲಿ ಕಿತ್ತುಹಾಕಲಾಯಿತು. ಮಣಿಪಾಲದ ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳಿಂದ ಕೈದಾಟಿ ಬಂದ ಪಿಎಚ್‌ಪಿ ಪುಸ್ತಕದಲ್ಲಿ ಆ ಫಂಕ್ಷನ್‌ಗಳೇ ಇದ್ದರೆ, ಡೇಟಾಬೇಸ್ ಅಧ್ಯಾಯದ ಮೊದಲ ಉದಾಹರಣೆಯೇ ಓಡುವುದಿಲ್ಲ. ಕಲಿಯುವವರು ತಪ್ಪು ತಮ್ಮದೆಂದು ತಿಳಿದು ಅಲ್ಲಿಯೇ ನಿಂತುಬಿಡುತ್ತಾರೆ. ಸೆಕೆಂಡ್ ಹ್ಯಾಂಡ್ ಪ್ರತಿಯಾದರೆ ಹಿಂದಿನವರ ಪೆನ್ಸಿಲ್ ಗೆರೆಗಳು ಎಲ್ಲಿಗೆ ನಿಂತಿವೆ ಎಂಬುದನ್ನೂ ಗಮನಿಸಿ. ನಾಲ್ಕನೇ ಅಧ್ಯಾಯದ ನಂತರ ಪುಟಗಳು ಶುಭ್ರವಾಗಿದ್ದರೆ ಗೆರೆ ನಿಂತ ಪುಟದಲ್ಲೇನಿದೆ ಎಂದು ಓದಿ ನೋಡುವುದು ಲೇಸು.

ಫಾರ್ಮ್ ಅಧ್ಯಾಯವನ್ನೇ ಆರಿಸಿ

ಮೊದಲ ಅಧ್ಯಾಯ ಎಲ್ಲ ಪುಸ್ತಕಗಳಲ್ಲೂ ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಗೆ ನಡುವಿನದು ಬೇಕು, ಅದರಲ್ಲೂ ಬಳಕೆದಾರರು ತುಂಬುವ ಫಾರ್ಮ್ ಬಗೆಗಿನ ಅಧ್ಯಾಯ. ಅದನ್ನು ಓದಿ, ಪುಸ್ತಕ ಮುಚ್ಚಿಟ್ಟು, ಒಂದು ಚಿಕ್ಕ ಪುಟ ಕಟ್ಟಲು ಕುಳಿತುಕೊಳ್ಳಿ. ಹೋಟೆಲಿನ ಬಿಲ್ ಸಾಕು: ಗೋಳಿಬಜೆ ಪ್ಲೇಟಿಗೆ 40 ರೂಪಾಯಿ, ಎರಡು ಪ್ಲೇಟ್, ಪಾರ್ಸೆಲ್ ಶುಲ್ಕ 5 ರೂಪಾಯಿ. ಮೂರು ಖಾನೆಗಳಿಂದ ಈ ಮೌಲ್ಯಗಳನ್ನು ತೆಗೆದುಕೊಂಡು ಗುಣಿಸಿ, ಕೂಡಿಸಿ, ಮೊತ್ತ ತೋರಿಸಬೇಕು.

ಬಟನ್ ಒತ್ತಿದಾಗ ತೆರೆಯ ಮೇಲೆ 805 ಮೂಡುತ್ತದೆ. ಗುಣಾಕಾರ ಸರಿಯಾಗಿಯೇ ಆಗಿದೆ, 80 ಬಂದಿದೆ. ಕೂಡಿಸುವಾಗ ಮಾತ್ರ 80ರ ಪಕ್ಕದಲ್ಲಿ 5 ಬಂದು ಕುಳಿತಿದೆ. ಫಾರ್ಮ್‌ನ ಖಾನೆಯಿಂದ ಬರುವುದೆಲ್ಲ ಜಾವಾಸ್ಕ್ರಿಪ್ಟ್‌ಗೆ ಪಠ್ಯವೇ; ಗುಣಾಕಾರದ ಚಿಹ್ನೆ ಕಂಡರೆ ಅದು ತಾನಾಗಿ ಪಠ್ಯವನ್ನು ಸಂಖ್ಯೆ ಮಾಡಿಕೊಳ್ಳುತ್ತದೆ, ಕೂಡುವ ಚಿಹ್ನೆ ಕಂಡರೆ ಪಠ್ಯಗಳನ್ನು ಅಂಟಿಸುತ್ತದೆ. ಪಾರ್ಸೆಲ್ ಶುಲ್ಕದ ಬದಲು 5 ರೂಪಾಯಿ ರಿಯಾಯಿತಿ ಕಳೆದಿದ್ದರೆ 75 ಎಂದು ಸರಿಯಾಗಿಯೇ ಬರುತ್ತಿತ್ತು, ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ.

ಈಗ ಪುಸ್ತಕಕ್ಕೆ ಮರಳಿ. ಅಧ್ಯಾಯ ಈ ಗುಂಡಿಯನ್ನು ಮೊದಲೇ ತೋರಿಸಿತ್ತೇ? ನಂಬರ್ ಫಂಕ್ಷನ್ ಬಳಸಿ ಪಠ್ಯವನ್ನು ಸಂಖ್ಯೆಯಾಗಿಸುವುದನ್ನು ಹೇಳಿತ್ತೇ, ಹೇಳಿದ್ದರೆ ಏಕೆ ಬೇಕು ಎಂದೂ ಹೇಳಿತ್ತೇ? ಕೆಲವು ಪುಸ್ತಕಗಳು ಲೆಕ್ಕದ ಉದಾಹರಣೆಗಳಲ್ಲಿ ಸಂಖ್ಯೆಗಳನ್ನು ಕೋಡ್‌ನೊಳಗೇ ಬರೆದುಬಿಡುತ್ತವೆ, ಖಾನೆಯಿಂದ ತೆಗೆದುಕೊಳ್ಳುವುದೇ ಇಲ್ಲ. ಅಂಥ ಪುಸ್ತಕದಲ್ಲಿ 805 ಎಂದೂ ಬರುವುದಿಲ್ಲ; ಓದುಗರು ಅದನ್ನು ಒಬ್ಬರೇ ಎದುರಿಸಬೇಕಾಗುತ್ತದೆ. ಇನ್ನೂ ಒಳ್ಳೆಯ ಲೇಖಕರು ಹಿನ್ನೆಲೆಯನ್ನೂ ಕೊಡುತ್ತಾರೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಕಟ್ಟಿದ್ದು 10 ದಿನಗಳಲ್ಲಿ. ಆಗ ಉಳಿದ ಕೊಂಕುಗಳನ್ನು ಈಗ ನೆಟ್ಟಗಾಗಿಸಿದರೆ ಹಳೆಯ ಪುಟಗಳು ಕೆಡುತ್ತವೆ, ಹಾಗಾಗಿ ಅವು ಇದ್ದ ಹಾಗೆಯೇ ಇವೆ. ಇದು ತಿಳಿದರೆ ನೆನಪಿಡುವುದು ಸುಲಭ.

ದೋಷದ ಸಂದೇಶಕ್ಕೆ ಪುಸ್ತಕದಲ್ಲಿ ಜಾಗವಿದೆಯೇ?

ಬ್ರೌಸರ್‌ನಲ್ಲಿ ಎಫ್12 ಒತ್ತಿ, ದೋಷದ ಸಂದೇಶಗಳು ಕಾಣುವ ಕನ್ಸೋಲ್ ತೆರೆಯುವುದನ್ನು ಪುಸ್ತಕ ಎಷ್ಟನೇ ಪುಟದಲ್ಲಿ ಹೇಳುತ್ತದೆ ಎಂದು ನೋಡಿ. ಕೊನೆಯ ಅನುಬಂಧದಲ್ಲಿದ್ದರೆ ತಡವಾಯಿತು. ಹೊಸಬರಿಗೆ ಮೊದಲ ವಾರದಲ್ಲೇ ಸಿಗುವ ಕೆಂಪು ಸಾಲು, ನಲ್ (ಏನೂ ಇಲ್ಲ ಎಂಬ ಮೌಲ್ಯ) ಎಂಬುದರ ಗುಣವನ್ನು ಓದಲಾಗುತ್ತಿಲ್ಲ ಎಂದು ದೂರುವಂಥದ್ದು. ಹಲವು ಬಾರಿ ಕಾರಣ ಸರಳ: ಪುಟದಲ್ಲಿ ಬಟನ್ ಮೂಡುವ ಮೊದಲೇ ಸ್ಕ್ರಿಪ್ಟ್ ಓಡಿ, ಇಲ್ಲದ ಬಟನ್ನನ್ನು ಹುಡುಕಿದೆ. ಸ್ಕ್ರಿಪ್ಟನ್ನು ಪುಟದ ಕೊನೆಗೆ ಒಯ್ದರೆ ಅಥವಾ ಬೇರೆ ಕಡತದಲ್ಲಿರುವ ಸ್ಕ್ರಿಪ್ಟಿಗೆ, ಅದರ ಓಟವನ್ನು ಮುಂದೂಡುವ ಡಿಫರ್ ಎಂಬ ಗುಣವನ್ನು ಸೇರಿಸಿದರೆ ಸರಿಹೋಗುತ್ತದೆ. "ಸ್ಕ್ರಿಪ್ಟನ್ನು ಕೊನೆಯಲ್ಲಿ ಇಡಿ" ಎಂದಷ್ಟೇ ಅಪ್ಪಣೆ ಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಮೇಲಿಟ್ಟು, ಕೆಡಿಸಿ, ಬಂದ ಸಂದೇಶವನ್ನು ಓದಿಸಿ, ಬಳಿಕ ಕೆಳಗಿಳಿಸುವ ಪುಸ್ತಕ ಸಿಕ್ಕರೆ ಬೆಲೆ ತುಸು ಹೆಚ್ಚಾದರೂ ಕೊಳ್ಳಿ.

ಅಭ್ಯಾಸಗಳ ವಿಷಯದಲ್ಲೂ ಇದೇ ಅಳತೆ. ಪಾಠದ ಉದಾಹರಣೆಯಲ್ಲಿ ಹೆಸರು ಬದಲಿಸಿ ಬರೆಯಿಸುವುದು ಅಭ್ಯಾಸವಲ್ಲ. ನೀವೇ ಒಂದು ಲೆಕ್ಕ ಹಾಕಿಕೊಳ್ಳಿ: ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯನ್ನು ಕೊಟ್ಟು, ಇಂದಿನಿಂದ ಮುಂದಿನ ಆಟಗಳನ್ನಷ್ಟೇ ತೋರಿಸುವ ಪುಟ. ದಿನಾಂಕದ ಅಧ್ಯಾಯ ಓದಿದವರಿಗೆ ಇದು ಸಾಧ್ಯವಾಗಬೇಕು. ಜಾವಾಸ್ಕ್ರಿಪ್ಟ್‌ನ ಡೇಟ್ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ನವೆಂಬರಿನ ಆಟಕ್ಕೆ 11 ಎಂದು ಬರೆದರೆ ಅದು ಡಿಸೆಂಬರಿಗೆ ಹೋಗಿ ಬೀಳುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಇದನ್ನು ಎಚ್ಚರಿಸದ ದಿನಾಂಕದ ಅಧ್ಯಾಯ ಅರ್ಧ ಅಧ್ಯಾಯ.

ನಮ್ಮ ಊರಿನ ಹೆಸರು ಕೊಟ್ಟು ನೋಡಿ

ಪಠ್ಯವನ್ನು ತಿರುಗುಮುರುಗು ಮಾಡುವ ಅಭ್ಯಾಸ ಬಹಳ ಪುಸ್ತಕಗಳಲ್ಲಿದೆ: ಅಕ್ಷರಗಳಾಗಿ ಒಡೆ, ತಿರುಗಿಸು, ಜೋಡಿಸು. ಅದಕ್ಕೆ "ಮಂಗಳೂರು" ಎಂದು ಕೊಡಿ. ಮೊದಲಿಗೆ ಒಂಟಿ ಕೊಂಬೊಂದು ಬಂದು ನಿಲ್ಲುತ್ತದೆ, ಉಳಿದದ್ದು ಓದಲಾಗದು. ಉದ್ದವನ್ನು ಕೇಳಿದರೆ ಉತ್ತರ 7. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಅನುಸ್ವಾರ, ದೀರ್ಘದ ಗುರುತು, ಕೊಂಬು ಇವೂ ಯುನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಪ್ರತ್ಯೇಕ ಸಂಕೇತಗಳು. ಪಿಎಚ್‌ಪಿಯಲ್ಲಿ ಇನ್ನೂ ಸೋಜಿಗ. ಉದ್ದ ಹೇಳುವ ಎಸ್‌ಟಿಆರ್‌ಲೆನ್ ಫಂಕ್ಷನ್ ಬೈಟ್‌ಗಳನ್ನು ಎಣಿಸುವುದರಿಂದ, ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅದೇ ಹೆಸರಿಗೆ 21 ಎನ್ನುತ್ತದೆ. ಎಸ್‌ಟಿಆರ್‌ಲೆನ್ ಎಂಬುದರ ಮುಂದೆ ಎಂಬಿ ಸೇರಿಸಿದ ಜೋಡಿ ಫಂಕ್ಷನ್ 7 ಎನ್ನುತ್ತದೆ.

ವಿದೇಶದಲ್ಲಿ ಅಚ್ಚಾದ ಪುಸ್ತಕ ಕನ್ನಡದ ಉದಾಹರಣೆ ಕೊಡಬೇಕೆಂದು ನಿರೀಕ್ಷಿಸುವುದು ಅತಿಯಾಯಿತು. ಉದ್ದ ಎಂದರೆ ಏನನ್ನು ಎಣಿಸಿದ್ದು ಎಂದು ಒಂದು ಸಾಲಾದರೂ ಹೇಳಿದೆಯೇ ಎಂಬುದು ಪ್ರಶ್ನೆ. ಉಡುಪಿಯ ಅಂಗಡಿಗೋ ದೇವಸ್ಥಾನದ ಸೇವಾ ಪಟ್ಟಿಗೋ ನೀವು ಪುಟ ಮಾಡಿಕೊಡುವಾಗ ಬರುವ ಪಠ್ಯ ಕನ್ನಡದ್ದೇ ತಾನೇ?

ಭಾಷೆಯ ಇನ್ನೊಂದು ಮಗ್ಗುಲೂ ಇದೆ. ಬೆಳ್ತಂಗಡಿ, ಕುಂದಾಪುರದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪುಸ್ತಕದ ಇಂಗ್ಲಿಷೇ ಗೋಡೆಯಾಗಬಾರದು. ಕ್ಲೋಶರ್ (ತಾನು ಹುಟ್ಟಿದ ಜಾಗದ ವೇರಿಯಬಲ್‌ಗಳನ್ನು ನೆನಪಿಟ್ಟುಕೊಳ್ಳುವ ಫಂಕ್ಷನ್) ಬಗೆಗಿನ ಎರಡು ಪುಟ ಓದಿ, ಪಕ್ಕದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲು ಪ್ರಯತ್ನಿಸಿ. ಹೇಳಲಾಗದಿದ್ದರೆ ಇನ್ನೊಂದು ಸಲ ಓದಿ. ಆಗಲೂ ಆಗದಿದ್ದರೆ ಬೇರೆ ಲೇಖಕರನ್ನು ಹುಡುಕಿ.

ಕೂಡಲೇ ಕಪಾಟಿಗೆ ಮರಳಿಸಬೇಕಾದವು

ಕೆಲವು ಸಂಗತಿಗಳಲ್ಲಿ ಚೌಕಾಸಿ ಬೇಡ. ಫಾರ್ಮ್‌ನಿಂದ ಬಂದ ಪಠ್ಯವನ್ನು ಹಾಗೆಯೇ ಡೇಟಾಬೇಸ್‌ಗೆ ಕೊಡುವ ಎಸ್‌ಕ್ಯುಎಲ್ ಸಾಲಿನೊಳಗೆ ಅಂಟಿಸಿ, ಆದೇಶವನ್ನೂ ಪಠ್ಯವನ್ನೂ ಬೇರೆಬೇರೆಯಾಗಿಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಗ್ಗೆ ಚಕಾರವೆತ್ತದ ಪುಸ್ತಕ. ಪಾಸ್‌ವರ್ಡ್‌ಗಳನ್ನು ಸುಲಭವಾಗಿ ಭೇದಿಸಬಹುದಾದ ಎಂಡಿ5 ಎಂಬ ಹಳೆಯ ವಿಧಾನದಲ್ಲಿ ಉಳಿಸಲು ಕಲಿಸುವ ಪುಸ್ತಕ. ಪಿಎಚ್‌ಪಿಯಲ್ಲಿ ಅದಕ್ಕೆಂದೇ ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್ 2013ರಿಂದ ಇದೆ. ಓದುಗರು ಬರೆದ ಅಭಿಪ್ರಾಯವನ್ನು ಕೊಟ್ಟ ಪಠ್ಯವನ್ನು ಪುಟದ ಕೋಡ್ ಆಗಿಯೇ ಓದುವ ಇನ್ನರ್ ಎಚ್‌ಟಿಎಂಎಲ್ ಮೂಲಕ ಪುಟಕ್ಕೆ ಸುರಿದು, ಅದರಲ್ಲಿ ಯಾರಾದರೂ ಸ್ಕ್ರಿಪ್ಟ್ ಅಡಗಿಸಿಡಬಹುದು ಎನ್ನದ ಪುಸ್ತಕವೂ ಇದೇ ಸಾಲಿಗೆ ಸೇರುತ್ತದೆ. ಇಲ್ಲಿ ಕಲಿತ ಚಾಳಿ ಮುಂದೆ ಕೆಲಸದ ಜಾಗಕ್ಕೂ ಬರುತ್ತದೆ.

ಪಠ್ಯಕ್ರಮಕ್ಕೆಂದೇ ಬರೆದ, ಪ್ರಶ್ನೋತ್ತರ ತುಂಬಿದ ಪುಸ್ತಕಗಳನ್ನು ಈ ಲೆಕ್ಕಕ್ಕೆ ತಾರದಿರುವುದೇ ನ್ಯಾಯ. ಪರೀಕ್ಷೆಯ ಹಿಂದಿನ ವಾರಕ್ಕೆ ಅವು ಬೇಕು, ಕೊಂಡುಕೊಳ್ಳಿ. ಕಲಿಸುವ ಪುಸ್ತಕವನ್ನು ಬೇರೆಯಾಗಿ ಆರಿಸಿ.

ಇಬ್ಬರು ಲೇಖಕರ ನಡುವೆ ಮನಸ್ಸು ತೂಗಾಡಿದರೆ ಎರಡೂ ಪುಸ್ತಕಗಳ ಫಾರ್ಮ್ ಅಧ್ಯಾಯವನ್ನು ಒಂದೇ ದಿನ ಓದಿ, ಅದೇ ಬಿಲ್ಲನ್ನು ಎರಡು ಸಲ ಬರೆಯಿರಿ. ಪ್ರಕಾಶಕರ ಜಾಲತಾಣದಲ್ಲಿ ತಿದ್ದುಪಡಿಗಳ ಪಟ್ಟಿ ಇದೆಯೇ ಎಂದೂ ನೋಡಿ. ಪಟ್ಟಿ ಉದ್ದವಿದ್ದರೆ ಹೆದರಬೇಕಾಗಿಲ್ಲ, ಯಾರೋ ಕುಳಿತು ತಿದ್ದುತ್ತಿದ್ದಾರೆ ಎಂದೇ ಅದರ ಅರ್ಥ. ಕೊಂಡ ದಿನವೇ ಆ ತಿದ್ದುಪಡಿಗಳನ್ನು ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ.